ಪಡುವಲು: ಸಮುದ್ರ

ಮೂವತ್ತೆಂಟು ವರ್ಷ
ನೋಂದಣಿ ಕಚೇರಿಯ ಎದುರು ಕೂತು ಆಧಾರ ಬರೆದೆ.
ಮೂಡಲು ರೈಲುಹಳಿ, ತೆಂಕಲು ಮಸೀದಿಯ ದಾರಿ,
ಬಡಗಲು ಬೀಫಾತುಮ್ಮನ ತೆಂಗಿನ ಹಿತ್ತಿಲು,
ಪಡುವಲು ಸಮುದ್ರ.
ಪಡುವಲಿಗೆ ಬಂದಾಗ ಪೆನ್ನು ಹಗುರ.
ಸಮುದ್ರ ತಕರಾರು ತೆಗೆಯುವುದಿಲ್ಲ,
ಅದರ ಅಣ್ಣತಮ್ಮಂದಿರು ಸಹಿ ಹಾಕಲು ಬರಬೇಕಾಗಿಲ್ಲ.
ಒಂದು ಶಬ್ದ, ಒಂದು ಚುಕ್ಕೆ.

ಈಗ ಅದರ ಮೇಲೆ ಕುಂಡೆಯೂರಿದ್ದೇನೆ,
ಹಳದಿ ಪ್ಲಾಸ್ಟಿಕ್ಕಿನ ದೋಣಿಯಲ್ಲಿ ಕಾಲು ಚಾಚಿ,
ತಪ್ಪಿ ತೊಟ್ಟಿಲಲ್ಲಿ ಮಲಗಿಸಿದ ಮುದುಕ.
ಸಹಕಾರಿ ಬ್ಯಾಂಕಿನ ಚೀಟಿ ಎತ್ತಿದಾಗ
ಮೊದಲ ಬಹುಮಾನ ಮಿಕ್ಸಿ, ಟೈಲರ್ ಗೋಪಿನಾಥನಿಗೆ.
ಎರಡನೆಯದು ನನಗೆ:
ಕಯಾಕಿನಲ್ಲಿ ಒಂದು ಇಡೀ ದಿನ, ಊಟ ಸಮೇತ.

"ಹುಟ್ಟನ್ನು ಹಿಸುಕಬೇಡಿ ಸಾರೇ,
ಅದೇನು ಓಡಿಹೋಗುವ ಕೋಳಿಯಾ?
ಕೈಯಲ್ಲ, ಸೊಂಟ ತಿರುಗಲಿ," ಅನ್ನುತ್ತಾಳೆ ರಂಸೀನ.
ಇಪ್ಪತ್ತಾರರ ಹುಡುಗಿ, ತಟ್ಟದ ಮೇಲೊಂದು ಟೋಪಿ,
ಕೊರಳಲ್ಲಿ ಸೀಟಿ.
ಹಿಂದೆ ನಾವು ಆರು ದೋಣಿ.
ಕನ್ನಡ, ಮಲಯಾಳ, ತುಳು,
ಯಾವ ದೋಣಿಗೆ ಯಾವುದೋ ಅದರಲ್ಲೇ ಬೈಯುತ್ತಾಳೆ.

ಬೆಳಗ್ಗೆ ಇಳಿತ. ಶಿರಿಯ ಹೊಳೆ
ತಾನೇ ನಮ್ಮನ್ನು ಹೊರಗೆ ಕೊಂಡುಹೋಯಿತು.
"ಎಲ್ಲ ಚಂದ್ರ ಎಳೆಯುವುದು," ಅಂದಳು.
ಕಾಂಡ್ಲದ ಬೇರು ಮೊಣಕಾಲವರೆಗೆ ಬೆತ್ತಲು.
ಕೆಸರಲ್ಲಿ ಏಡಿಗಳು ಒಂಟಿ ಕೈ ಬೀಸಿದವು,
ಕರೆದದ್ದೋ ಕಳಿಸಿದ್ದೋ.
ಅಳಿವೆಯಲ್ಲಿ ಹೊಳೆಗೂ ಕಡಲಿಗೂ ಮಾತು ಬೆಳೆದಿತ್ತು,
ನೀರು ನಿಂತಲ್ಲೇ ಗುಡ್ಡೆಯಾಗಿ ಒಡೆಯುತ್ತಿತ್ತು.
ರಂಸೀನ ಎರಡು ಅಲೆ ಎಣಿಸಿ
ಮೂರನೆಯದನ್ನು ಹೋಗಗೊಟ್ಟು ಸೀಟಿ ಊದಿದಳು.
ಕಣ್ಣು ಮುಚ್ಚಿ ಹುಟ್ಟು ಹಾಕಿದೆ.
ಬಾಯಲ್ಲಿ ಉಪ್ಪು, ಕಿವಿಯಲ್ಲಿ ಉಪ್ಪು.
ಕಣ್ಣು ಬಿಟ್ಟರೆ ದಡ
ಮಡಚಿಟ್ಟ ಪಂಚೆಯ ಅಂಚಿನಷ್ಟು.

ತೆಂಕಿಗೆ ತಿರುಗಿದೆವು. ಒಂದು ಗಂಟೆ. ಎರಡು.
ಭುಜ ಉರಿ, ಸೊಂಟ ತಿರುಗದು.
ನಾನು ಬರೆದ ಹಿತ್ತಿಲುಗಳನ್ನೆಲ್ಲ
ಮೊದಲ ಸಲ ಬೆನ್ನ ಕಡೆಯಿಂದ ನೋಡಿದೆ:
ರಸ್ತೆಗೆ ಬಣ್ಣ ಬಳಿದ ಮನೆಗಳು
ಕಡಲಿಗೆ ಬರೀ ಕೆಂಪುಕಲ್ಲು.
ಯಾರೋ ಗಡ್ಡ ಕೆರೆಯುತ್ತ ನಿಂತವನು
ಸಾಬೂನಿನ ಮುಖ ಎತ್ತಿ ನಕ್ಕ.

ಮಧ್ಯಾಹ್ನ ನೀರು ಇಳಿದೂ ಇಳಿದೂ
ಮರಳದಿಣ್ಣೆಯೊಂದು ಬೆನ್ನು ತೋರಿಸಿತು.
ದೋಣಿ ಎಳೆದು ಕೂತೆವು. ಪತ್ತಿರಿ, ಮರುವಾಯಿ.
"ಸಾರಿಗೆ ಗುರುತು ಹತ್ತಲಿಲ್ಲ ಅಲ್ಲ?
ನಾನು ಕೋಯಿಪ್ಪಾಡಿ ಅಂದುಞ್ಞಿಯ ಮಗಳು.
ಹತ್ತೂವರೆ ಸೆಂಟು. ನೀವೇ ಬರೆದದ್ದು."
ಹುಟ್ಟಿನ ತುದಿಯಲ್ಲಿ ತೋರಿಸಿದಳು.
ನೀರೊಳಗೆ ಕೆಂಪುಕಲ್ಲಿನ ಒಂದು ಬಳೆ,
ಮೇಲೆ ನೀರುಕಾಗೆ ರೆಕ್ಕೆ ಹರವಿ ಒಣಗಿಸುತ್ತಿತ್ತು.
"ಬಾವಿ. ಮನೆ ಅದರಿಂದ ಈಚೆ.
ನೀವು ಕೂತದ್ದು ಅಡುಗೆಕೋಣೆ."

ಗೊತ್ತಿಲ್ಲದೆ ಸ್ವಲ್ಪ ಸರಿದು ಕೂತೆ.

ನೆನಪಾಯಿತು: ಕುಡಿಯುವ ನೀರಿನ ಬಾವಿ ಒಂದು,
ಫಲ ಬರುವ ತೆಂಗು ಹದಿನಾಲ್ಕು, ದಾರಿಹಕ್ಕು ಸಹಿತ,
ಆಚಂದ್ರಾರ್ಕವಾಗಿ ಅನುಭವಿಸಿಕೊಂಡು ಬರತಕ್ಕದ್ದು.
ಚಂದ್ರನೇ ಎದುರು ಕಕ್ಷಿ ಅಂತ
ಯಾರು ಕಂಡಿದ್ದರು?

"ಆಧಾರ ಉಂಟಾ?"
"ಉಂಟು. ಉಮ್ಮ ಪ್ಲಾಸ್ಟಿಕ್ಕಲ್ಲಿ ಸುತ್ತಿಟ್ಟಿದ್ದಾರೆ,
ನೀರು ಮುಟ್ಟದ ಹಾಗೆ."
ಹೇಳಿ ಅವಳೇ ನಕ್ಕಳು. "ತೀರ್ವೆಯೂ ಕಟ್ಟುತ್ತೇವೆ.
ಬಡಗಲ ಬೀಫಾತುಮ್ಮ ಮಾತ್ರ ನಿಲ್ಲಿಸಿದರು."
ಆಮೇಲೆ ಎದ್ದು, ಪಯ್ಯನ್ನೂರಿನ ದಂಪತಿಗೆ
ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿ ಮಾಡಲು ಹೋದಳು.

ಮೂರಕ್ಕೆ ಭರತ ಹಿಡಿಯಿತು.
ದಿಣ್ಣೆ ಮೊದಲು ತೇವವಾಯಿತು, ಆಮೇಲೆ ಇಲ್ಲವಾಯಿತು.
ಕಾಲು ಒದ್ದೆಯಾಗುವ ತನಕ ಕಾದು
ನೀರುಕಾಗೆ ಹಾರಿತು.
ಬಡಗಿಗೆ ಹೊರಟೆವು, ಈಗ ಕಡಲೇ ಬೆನ್ನಿಗೆ ಕೈ ಕೊಟ್ಟಿತ್ತು.
ಬಾವಿಯ ಈಚೆ ಬಂದಾಗ
ಹುಟ್ಟನ್ನು ಎತ್ತಿ ಮಡಿಲಲ್ಲಿಟ್ಟುಕೊಂಡೆ,
ಹೊಸ್ತಿಲಲ್ಲಿ ಚಪ್ಪಲಿ ಬಿಡುವವನ ಹಾಗೆ.
ದೋಣಿ ತಾನಾಗಿ ದಾಟಿತು
ಚಾವಡಿ, ಕೋಣೆ, ಒಲೆ.

"ಸಾರೇ," ಮುಂದಿನಿಂದ ಕೂಗಿದಳು,
"ನಿದ್ದೆಯಾ? ಸೊಂಟ, ಸಾರೇ, ಸೊಂಟ!"

ತಿರುಗಿಸಿದೆ.