ಸೋನಾಮುಖಿ, ಐವತ್ತು ಗ್ರಾಂ

ಹೊಟ್ಟೆ ತೊಳೆಯುವ ಎಲೆಗೆ
ಬಂಗಾರದ ಮುಖವೆಂದು ಹೆಸರಿಟ್ಟವನು
ಖಂಡಿತ ಅದನ್ನು ಕುಡಿದವನಲ್ಲ, ಮಾರಿದವನು.
ನಾನೂ ಮಾರುವವನೇ.
ಮತ್ರಾ ಸೂಕಿನ ಒಳಗಲ್ಲಿ,
ಲೋಬಾನದ ಹೊಗೆಗೆ ಗೋಡೆ ಕಂದಿದ ಅಂಗಡಿ,
ಹನ್ನೊಂದು ವರ್ಷ.
ಇಲ್ಲಿ ಇದರ ಹೆಸರು ಸನಾ. ಅಜ್ಜಿಯ ಬಾಯಲ್ಲಿ ನೆಲಾವರಿಕೆ.
ಯಾವ ಹೆಸರು ಹಿಡಿದು ಕರೆದರೂ ಗೋಣಿಯೊಳಗೆ ಅದೇ ವಾಸನೆ:
ಒಣಹುಲ್ಲು, ಹಳೆಯ ಟೀಪುಡಿ, ಸ್ವಲ್ಪ ಇಲಿ.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಿದ್ದರು ಊರಲ್ಲಿ.
ಇಲ್ಲಿ ಯಾರಿಗೂ ಹಿತ್ತಲಿಲ್ಲ.
ಅದಕ್ಕೇ ಇರಬೇಕು, ಎಲ್ಲ ಗಿಡವೂ ಮದ್ದು.

ಯಜಮಾನ ಹಿಲಾಲ್ ಬಿನ್ ಖಲ್ಫಾನ್
ನನಗೆ ಮೊದಲು ಕಲಿಸಿದ್ದು ತಕ್ಕಡಿಯಲ್ಲ, ಪ್ರಶ್ನೆ.
‘ಯಾರಿಗೆ? ಎಷ್ಟು ದಿನದಿಂದ? ವಾಂತಿ ಇದೆಯಾ?
ಹೊಟ್ಟೆ ಕಲ್ಲಾಗಿ ವಾಂತಿಯೂ ಇದ್ದರೆ
ಎಲೆ ಕೊಡಬೇಡ, ಟ್ಯಾಕ್ಸಿ ತೋರಿಸು.
ಹೃದಯದ ಮಾತ್ರೆ ನುಂಗುವವರಿಗೆ ಇಲ್ಲ.
ಎಲೆಗಿಂತ ಕಾಯಿ ಮೆದು. ಗುಲಾಬಿ ಎಸಳು ಬೆರೆಸು, ಹಿಂಡುವುದು ಕಡಿಮೆ.
ಒಂದು ವಾರ. ಎಂಟನೆಯ ದಿನಕ್ಕೆ ಬಂದವನಿಗೆ
ಅಂಗಡಿ ಮುಚ್ಚಿದೆ ಅನ್ನು, ತೆರೆದಿದ್ದರೂ.’

ಗುರುವಾರ ರಾತ್ರಿ ಬರುತ್ತಾನೆ ಲಾಡ್ಲೇಸಾಬ, ಆಳಂದದ ಕಡೆಯವನು.
ಅರವತ್ತು ಮೀಟರ್ ಮೇಲೆ ಕ್ರೇನಿನ ಪೆಟ್ಟಿಗೆಯಲ್ಲಿ ಕೂತು
ಬೇರೆಯವರ ಮನೆ ಎತ್ತುವವನು.
ಇಳಿದು ಹತ್ತಲು ಅರ್ಧ ತಾಸು, ಹಾಗಾಗಿ ನೀರು ಕುಡಿಯುವುದಿಲ್ಲ.
ನೀರಿಲ್ಲದ ಖುಬ್ಬೂಸು ಒಳಗೇ ಗಾರೆಯಾಗುತ್ತದೆ.
ಗಾರೆಗೆ ಸನಾ.
ರಾತ್ರಿ ಹತ್ತಕ್ಕೆ ಕುಡಿದರೆ
ನಸುಕಿನ ನಾಲ್ಕಕ್ಕೆ ಕ್ಯಾಂಪಿನ ಸರದಿಯಲ್ಲಿ ಅವನೇ ಮೊದಲು.

‘ಅಣ್ಣಾ, ಒಂದು ಚಮಚಕ್ಕ ಈಗ ಏನೂ ಆಗವಲ್ದು.
ಮೂರು ಹಾಕ್ತೀನಿ, ದಿನಾ.
ಮೀನಖಂಡ ಹಿಡಿಲತ್ತದ. ಉಚ್ಚಿ ನೋಡಿದ್ರ ಕರೀ ಚಾ.’

ಚಹಾದ ಬಣ್ಣಕ್ಕೆ ಹೆದರಬೇಡ, ಅದು ಎಲೆಯದು.
ಮೀನಖಂಡಕ್ಕೆ ಹೆದರು.
ಹೊರಗೆ ಹೋಗುವುದು ಹೊಲಸೊಂದೇ ಅಲ್ಲ,
ಮೈಯ ಉಪ್ಪುಗಳೂ ಜೊತೆಗೆ ನಡೆಯುತ್ತವೆ.
ಹೃದಯವೂ ಒಂದು ಖಂಡವೇ ಮಾರಾಯ,
ಅದು ಹಿಡಿದರೆ ತಿಕ್ಕಲು ಕೈ ಎಟುಕುವುದಿಲ್ಲ.
ಕರುಳು ಎತ್ತಿನ ಜಾತಿ. ದಿನಾ ಬಾರುಕೋಲು ತೋರಿಸಿದರೆ
ಆಮೇಲೆ ಬಾರುಕೋಲು ಕಾಣದೆ ಹೆಜ್ಜೆ ಕೀಳುವುದಿಲ್ಲ.

ಇಸಬಗೋಲು ಕೊಡೋಣವೆಂದರೆ ಅದಕ್ಕೂ ನೀರು ಬೇಕು,
ಒಣಗಂಟಲಲ್ಲಿ ಅದು ಅಲ್ಲೇ ಊದಿಕೊಳ್ಳುತ್ತದೆ.
ಇಡೀ ಅಂಗಡಿ ಹುಡುಕಿದೆ. ಮುನ್ನೂರು ಡಬ್ಬಿ.
ಅವನ ಮದ್ದು ಇದ್ದದ್ದು ಫೋರ್‌ಮನ್ನನ ಜೇಬಿನಲ್ಲಿ:
ದಿನಕ್ಕೆ ಎರಡು ಸಲ ಕೆಳಗಿಳಿಯುವ ಒಪ್ಪಿಗೆ.
ಅದನ್ನು ತೂಗಿ ಮಾರುವವರಿಲ್ಲ.
ಖರ್ಜೂರ ಕಟ್ಟಿಕೊಟ್ಟೆ. ದುಡ್ಡು ಇಟ್ಟ,
ನನ್ನ ಮುಖ ನೋಡದೆ ಹೋದ.

ಅವತ್ತೇ, ಬೀಗ ಹಾಕುವಾಗ, ಮುನಿರತ್ನಮ್ಮ.
ಅಲ್ ಖುವೈರಿನ ಯಾವುದೋ ಮನೆಯ ಕೆಲಸದವಳು, ಚಿಂತಾಮಣಿ ಹತ್ತಿರದವಳು.
ಐವತ್ತು ಗ್ರಾಂ ಅಂದಳು.
ಯಾರಿಗೆ?
‘ಮೇಡಂಗೆ.’
ಎಷ್ಟು ದಿನದಿಂದ?
ಅವಳು ಬೆರಳು ಮಡಚತೊಡಗಿದಳು.
ಮಲ ಕಟ್ಟಿದ ದಿನಗಳನ್ನು ಯಾರೂ ಹಾಗೆ ಎಣಿಸುವುದಿಲ್ಲ.
ಎರಡನೆಯ ತಿಂಗಳ ಹತ್ತಿರ ಬೆರಳು ನಿಂತಿತು.

ತಕ್ಕಡಿಯಿಂದ ಎಲೆ ವಾಪಸು ಸುರಿದೆ.
ಇದರಿಂದ ಅದು ಆಗುವುದಿಲ್ಲ ತಾಯಿ.
ಕರುಳು ಹಿಂಡುತ್ತದೆ, ಬಚ್ಚಲಲ್ಲಿ ಒಬ್ಬಳೇ ಬೀಳುತ್ತೀಯ, ಅಷ್ಟೇ.
‘ಮೇಡಂಗೆ ಅಂದ್ನಲ್ಲ’ ಅಂದಳು,
ಈ ಸಲ ದನಿ ಇರಲಿಲ್ಲ.

ರೂವಿಯ ಸಿಸ್ಟರ್ ಐರಿನ್ ಕುಟಿನ್ಹಾ
ಹೆಸರು ಕೇಳದೆ ಮಾತಾಡುತ್ತಾರೆ.
ಅವರ ನಂಬರನ್ನು ಪೊಟ್ಟಣದ ಕಾಗದದ ಒಳಮೈಗೆ ಬರೆದೆ.
ಬರಿಗೈಯಲ್ಲಿ ಹೋದರೆ ಮನೆಯಲ್ಲಿ ಕೇಳುತ್ತಾರಲ್ಲ,
ಸೋಂಪು ತುಂಬಿಸಿ ಮಡಚಿದೆ, ಐವತ್ತು ಗ್ರಾಂ.

ಬೆಳಿಗ್ಗೆ ಹಿಲಾಲ್ ಲೆಕ್ಕದ ಪುಸ್ತಕ ತೆರೆದ.
ಸನಾ: ಸೊನ್ನೆ. ಸೋಂಪು: ಐವತ್ತು, ದುಡ್ಡಿಲ್ಲ.
ಕನ್ನಡಕದ ಮೇಲಿಂದ ಒಮ್ಮೆ ನೋಡಿ
ಪುಟ ತಿರುಗಿಸಿದ.

ಈ ಗುರುವಾರ ಲಾಡ್ಲೇಸಾಬ ಬರಲಿಲ್ಲ.
ಇಳಿದು ನೀರು ಕುಡಿಯತೊಡಗಿದನೋ,
ಬೇರೆ ಅಂಗಡಿ ಹಿಡಿದನೋ.
ಪಕ್ಕದ ಗಲ್ಲಿಯಲ್ಲಿ
ಏನೂ ಕೇಳದೆ ತೂಗುವವರು ನಾಲ್ವರಿದ್ದಾರೆ.