ಸೊನ್ನೆ ವರದಿ

ಸೋಮವಾರ ಹನ್ನೊಂದರೊಳಗೆ ಕಳಿಸಬೇಕು.
ವಾಂತಿಭೇದಿ: ಸೊನ್ನೆ. ಕಾಮಾಲೆ: ಸೊನ್ನೆ.
ಡೆಂಗಿ: ಸೊನ್ನೆ. ಒಂದರ ಕೆಳಗೊಂದು,
ಉಂಡು ತೊಳೆದು ಬೋರಲು ಹಾಕಿದ ಬಟ್ಟಲುಗಳ ಹಾಗೆ.

ಚಳ್ಳಕೆರೆ ಆಫೀಸಿನ ಗುಮಾಸ್ತ ನಗುತ್ತಾನೆ:
"ಏನ್ ಸಿಸ್ಟರ್, ಸಂಬಳ ಮಾತ್ರ ಸೊನ್ನೆ ಬರಲ್ಲ ನೋಡ್ರಿ."
ನಾನೂ ನಗುತ್ತೇನೆ. ಹೇಗೆ ಹೇಳಲಿ ಅವನಿಗೆ
ಈ ಸೊನ್ನೆಯ ತೂಕ.

ಇದರೊಳಗೆ ನೀರುಗಂಟಿ ಚನ್ನಬೋರಯ್ಯ ಇದ್ದಾನೆ.
ಕೋಳಿ ಕೂಗುವ ಮುಂಚೆ ಮೂಗಿಗೆ ಟವೆಲ್ ಸುತ್ತಿ
ಬ್ಲೀಚಿಂಗ್ ಪುಡಿಯ ಬಕೆಟ್ಟು ಹಿಡಿದು
ಟ್ಯಾಂಕಿನ ಅರವತ್ತೆರಡು ಮೆಟ್ಟಿಲು ಏರುತ್ತಾನೆ.
ನಡುವೆ ಎರಡು ಮುರಿದಿವೆ, ಎಲ್ಲಿ ಅಂತ ಕಾಲಿಗೆ ಗೊತ್ತು.
ಮುದ್ದೆಗೂ ಅದೇ ವಾಸನೆ ಹತ್ತಿಸ್ತೀಯ ಎಂದು
ಹೆಂಡತಿ ಓಬಕ್ಕ ಬೈಯುತ್ತಾಳೆ.

ಕೊನೆ ಮನೆಯ ನಲ್ಲಿಯೂ ಇದೆ ಇದರೊಳಗೆ.
ಶೀಸೆಗೆ ನೀರು ಹಿಡಿದು ಎರಡು ಹನಿ ದ್ರಾವಣ.
ಹುಡುಗರು ಸುತ್ತ ನೆರೆದು ಉಸಿರು ಬಿಗಿಹಿಡಿಯುತ್ತಾರೆ,
ಹಳದಿ ಬಂದರೆ ಕೇಕೆ.
ತೆಳು ಹಳದಿ, ಬಾಡಿದ ಸೇವಂತಿಗೆಯಷ್ಟು.
ಬಾರದ ದಿನ ಪೈಪಿನ ಜಾಡು ಹಿಡಿದು ನಡೆಯುತ್ತೇನೆ,
ಬಂಡೆಯ ಕಾವು ಚಪ್ಪಲಿ ದಾಟಿ ಅಂಗಾಲಿಗೆ ತಾಗುವ ತನಕ.

ಒಂಬತ್ತು ವರ್ಷದ ಹಿಂದೆ ಒಂದು ವಾರ
ಈ ಕಾಲಂನಲ್ಲಿ ಸೊನ್ನೆ ಇರಲಿಲ್ಲ.
ಚರಂಡಿ ಪಕ್ಕ ಪೈಪು ಒಡೆದಿತ್ತು, ಅಷ್ಟೇ.
ಶಾಲೆಯ ಬೆಂಚು ಜೋಡಿಸಿ ಮಲಗಿಸಿದೆವು,
ಕಿಟಕಿಯ ಸರಳಿಗೆ ಸಲೈನ್ ಬಾಟಲಿ ಕಟ್ಟಿದೆವು.
ಗಾದ್ರಪ್ಪನ ಮಗಳು ಪಾಲಮ್ಮ, ಐದನೇ ಕ್ಲಾಸು.
ನರ ಸಿಗಲಿಲ್ಲ ನನಗೆ.
ಎರಡೂ ಕೈ ಹುಡುಕಿದೆ. ಪಾದ ಹುಡುಕಿದೆ.
ಕರಿಹಲಗೆಯ ಮೂಲೆಯಲ್ಲಿ ಅವಳದೇ ಅಕ್ಷರ,
ಹಿಂದಿನ ದಿನದ ಹಾಜರಿ: ಹುಡುಗಿಯರು ಹದಿನಾಲ್ಕು.

ಆಗ ಜೀಪು ಬಂದವು, ಕ್ಯಾಮೆರಾ ಬಂದವು,
ದುರ್ಗದಿಂದ ದೊಡ್ಡ ಸಾಹೇಬರು ಬಂದರು.
ಆಮೇಲೆ ಯಾರೂ ಬಂದಿಲ್ಲ.
ಬಾರದೇ ಇರಲಿ ಎಂದೇ
ಪ್ರತಿ ಗುರುವಾರ ಕೊನೆ ಮನೆ ತನಕ ಈ ನಡಿಗೆ.

ಏನೂ ಆಗದ್ದಕ್ಕೆ ಫೋಟೋ ಇಲ್ಲ.
ತನಗೇನು ಬರಲಿಲ್ಲ ಎಂಬುದನ್ನೇ ಅರಿಯದೆ
ಕೂಸೊಂದು ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತದೆ,
ನೀರು ಕುಡಿದು, ವಾಸನೆ ಅಂತ ಮುಖ ಸಿಂಡರಿಸುತ್ತದೆ.
ಆಡಲಿ. ಬೈಯಲಿ.

ಈ ಸಲ ಗುಂಡಗೆ ಬರೆದೆ,
ಬಾಯಿ ಕೂಡಿತೋ ಇಲ್ಲವೋ ಎರಡು ಸಲ ನೋಡಿ.
"ಎಷ್ಟಕ್ಕಾ ಈ ವಾರ?" ಕೇಳಿದ ಚನ್ನಬೋರಯ್ಯ.
ಸೊನ್ನೆ ಅಂದೆ.
ಬೀಡಿ ಹಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದ.
"ಪುಡಿ ಮೂಟೆ ತಳ ಕಾಣ್ತೈತೆ,
ಅದನ್ನೂ ಬರಿ" ಅಂದ.