ಮೂರನೇ ಹೊಂಡದ ರಿಜಿಸ್ಟರು

ಶ್ರೀನಿವಾಸಪುರ ಮುಗಿದು ಮದನಪಲ್ಲಿ ರಸ್ತೆ ಶುರುವಾಗುವಲ್ಲಿ
ಊರು ತೊಳೆದುಕೊಂಡದ್ದೆಲ್ಲ ಬಂದು ಬೀಳುತ್ತದೆ ನನ್ನ ಮುಂದೆ.
ಆರು ವರ್ಷದಿಂದ ಇಲ್ಲಿ ಕಾವಲು.
ಒಂದು ಕುಂಟೆ, ಒಂದು ಉದ್ದನೆ ಬಿದಿರು, ಒಂದು ರಿಜಿಸ್ಟರು.

ಮೊದಲು ಕಬ್ಬಿಣದ ಜಾಲರಿ.
ಜೂನಿನಲ್ಲಿ ಬರೀ ಮಾವಿನ ವಾಟೆ:
ಯಾವ ಬೀದಿಯವರು ಬಾದಾಮಿ ತಿಂದರು,
ಯಾರು ತೋತಾಪುರಿಗೇ ಸುಮ್ಮನಾದರು,
ಕೇಳಿ, ಹೇಳುತ್ತೇನೆ.

ಒಂದನೇ ಹೊಂಡ ಕಪ್ಪು. ಗುಳುಗುಳು ಅನ್ನುತ್ತದೆ,
ಹೊಟ್ಟೆ ಉಬ್ಬಿದ ಹಸುವಿನ ಹಾಗೆ.
ಎರಡನೆಯದು ಹಸಿರು, ಎಷ್ಟು ಹಸಿರೆಂದರೆ
ಅಕ್ಕಯಮ್ಮನ ಮೇಕೆ ಹೊಲವೆಂದು ನಂಬಿ ಕಾಲಿಟ್ಟಿತು.
ಎಳೆದು ತೆಗೆದವನು ನಾನೇ;
ವಾರವಿಡೀ ಉಳಿದ ಮೇಕೆಗಳು ಅದರ ಪಕ್ಕ ಮಲಗಲಿಲ್ಲ.
ಮೂರನೆಯದರಲ್ಲಿ ಆಕಾಶ ಕಾಣುತ್ತದೆ.
ಮೆಟ್ಟುಗಾಲು ಹಕ್ಕಿ ಕೆಂಪು ಕಾಲೂರಿ ನಿಲ್ಲುತ್ತದೆ.

ಯಂತ್ರವಿಲ್ಲ. ಬಿಸಿಲು, ಗಾಳಿ, ಪಾಚಿ,
ಈ ಮೂವರಿಗೆ ಸಂಬಳವಿಲ್ಲ.
ನನಗಿದೆ, ಮೂರು ತಿಂಗಳಿಗೊಮ್ಮೆ.
ಹಗಲೆಲ್ಲ ಪಾಚಿ ನೀರಿಗೆ ಉಸಿರು ತುಂಬುತ್ತದೆ,
ರಾತ್ರಿ ತಾನೇ ಕುಡಿದು ಮುಗಿಸುತ್ತದೆ.
ಬೆಳಗಿನ ಜಾವ ಐದಕ್ಕೆ ಬಾಟಲಿ ಅದ್ದಿದರೆ
ಆಮ್ಲಜನಕ ಸೊನ್ನೆಯ ಹತ್ತಿರ; ಮಧ್ಯಾಹ್ನ ಎರಡಕ್ಕೆ ಹನ್ನೆರಡು.
ನಜೀರುದ್ದೀನ್ ಸಾಹೇಬರ ಜೀಪು ಬರುವುದು ಎರಡಕ್ಕೇ.
ಪುಟಪುಟದಲ್ಲೂ ಹನ್ನೆರಡು ಅಂತಿದೆ. ಸುಳ್ಳಲ್ಲ.
ಆದರೆ ಐದು ಗಂಟೆಗೆ ಜಿಲೇಬಿ ಮೀನು ಮೇಲೆ ಬಂದು
ಬಾಯಿ ಬಾಯಿ ಬಿಡುವುದನ್ನು ನೋಡಿದವನು ನಾನೊಬ್ಬ.
ಐದು ಗಂಟೆಗೆ ಕಾಲಂ ಇಲ್ಲ.

ಹೋದ ವರ್ಷ ಒಂದನೇ ಹೊಂಡದ ಹೂಳೆತ್ತಿ
ಪಕ್ಕದ ಪಾತಿಯಲ್ಲಿ ಒಣಗಲು ಹರಡಿದರು.
ಹಪ್ಪಳದಂತೆ ಬಿರಿಯಿತು. ಎರಡು ಮಳೆ ಬಿತ್ತು, ಅಷ್ಟೇ.
ಬಿರುಕಿನುದ್ದಕ್ಕೂ ಟೊಮೆಟೊ!
ಯಾರೂ ನಾಟಿ ಮಾಡಿದ್ದಲ್ಲ,
ಊರಿಗೆ ಊರೇ ತಿಂದು, ಕಳಿಸಿದ ಬೀಜ.
ಕೋಲಿಲ್ಲ, ದಾರವಿಲ್ಲ, ಔಷಧಿಯಿಲ್ಲ,
ಒಂದೆಲೆಗೂ ಚುಕ್ಕೆಯಿಲ್ಲ.
ಆ ವಾರ ಮಂಡಿಯಲ್ಲಿ ಬಾಕ್ಸಿಗೆ ಎರಡು ಸಾವಿರ.

ಬೋರ್ಡು ನಾನೇ ಬರೆದೆ: ತಿನ್ನಬಾರದು.
ಯಾಕೆಂದು ಬರೆಯಲು ಹಲಗೆ ಸಾಲಲಿಲ್ಲ.

ಒಂದು ರಾತ್ರಿ ಟಾರ್ಚು. ಬಗ್ಗಿದ ಬೆನ್ನು.
ಮೆಸ್ಸಿನ ರಾಮಾಂಜಿ, ಎತ್ತಿ ಕಟ್ಟಿದ ಲುಂಗಿಯ ತುಂಬ ಕೆಂಪು.
ಅವನು ನನ್ನನ್ನು ನೋಡಿದ. ನಾನು ಹಣ್ಣು ನೋಡಿದೆ.
'ಕುದಿಸ್ತೀನಲ್ಲಣ್ಣ,' ಅಂದ.

ಮಾರನೇ ದಿನ ಅವನಲ್ಲೇ ಊಟಕ್ಕೆ ಕೂತೆ.
ಇನ್ನೊಂದು ಮೆಸ್ಸು ಬಸ್ ಸ್ಟ್ಯಾಂಡಿನಾಚೆ, ಬಿಸಿಲು ಬೇರೆ.
ತಾಲೂಕು ಆಫೀಸಿನವರಿದ್ದರು, ಡ್ರಿಲ್ ಮೇಷ್ಟ್ರಿದ್ದರು,
ಸಾರನ್ನು ಎರಡೆರಡು ಸಲ ಹಾಕಿಸಿಕೊಂಡರು.
ನನ್ನ ತಟ್ಟೆಗೂ ಬಂತು. ಮುದ್ದೆ ಮುರಿದೆ,
ಸ್ವಲ್ಪ ಹೊತ್ತು ಕೈಯಲ್ಲೇ ಇತ್ತು,
ಅದ್ದಿದೆ.
ಉಪ್ಪು ಹುಳಿ ಸರಿಯಾಗಿತ್ತು.

ಸಂಜೆ ಜಾಲರಿಯ ಹತ್ತಿರ ಕುಂಟೆ ಹಿಡಿದು ನಿಂತೆ.
ನೀರು ಯಾವತ್ತಿನಂತೆ ಬರುತ್ತಿತ್ತು.
ನಾಳೆಯೋ ನಾಡಿದ್ದೋ, ಅಂದುಕೊಂಡೆ.
ರಿಜಿಸ್ಟರು ತೆಗೆದು ಷರಾ ಎಂಬಲ್ಲಿ ಬರೆದೆ:
ವಿಶೇಷವಿಲ್ಲ.